ಕಾಫಿ ವಾಸನೆಯ ಸ್ಟಾಂಪು

ವಾಟ್ಸಾಪ್ ಕಾಲದಲ್ಲಿ ಸ್ಟಾಂಪ್ ಯಾರು ಕೂಡಿಡ್ತಾರೆ ಅಂತ ಕೇಳುವವರು ಒಮ್ಮೆ ಬೆಂಗಳೂರು ಜಿಪಿಒದ (ಪ್ರಧಾನ ಅಂಚೆ ಕಚೇರಿಯ) ಫಿಲಾಟೆಲಿ ಬ್ಯೂರೋಗೆ, ಅಂದ್ರೆ ಸ್ಟಾಂಪ್ ಕೂಡಿಡುವವರಿಗೆಂದೇ ಇರುವ ವಿಭಾಗಕ್ಕೆ ಹೋಗಿ ಬನ್ನಿ. ವಿಧಾನಸೌಧದ ಹತ್ತಿರವೇ ಇದೆ. ಹೊಸ ಸ್ಟಾಂಪುಗಳು ಮುಖಬೆಲೆಗೇ ಸಿಗುತ್ತವೆ, ಸುಮ್ನೆ ನೋಡಿಕೊಂಡು ಬಂದರೂ ಖುಷಿಯೇ.

ನನಗೆ ಜಾಸ್ತಿ ಇಷ್ಟ ಪರಿಮಳದ ಸ್ಟಾಂಪುಗಳು. 2006ರಲ್ಲಿ ಅಂಚೆ ಇಲಾಖೆ 15 ರೂಪಾಯಿಯ ಗಂಧದ ಸ್ಟಾಂಪ್ ತಂದಿತು. 2017ರಲ್ಲಿ ಕಾಫಿಯದು, 100 ರೂಪಾಯಿ. ಗಂಧ, ಕಾಫಿ ಎರಡೂ ನಮ್ಮ ನಾಡಿನವೇ ಅಲ್ವಾ! ಆ ಘಮ ಮೊಬೈಲಿನಲ್ಲಿ ಬರುವುದಿಲ್ಲ.

ಹಳೇ ಲಕೋಟೆ ಸಿಕ್ಕರೆ ದಯವಿಟ್ಟು ಸ್ಟಾಂಪನ್ನು ಕೀಳಬೇಡಿ. ಸುತ್ತ ಒಂದಿಷ್ಟು ಕಾಗದ ಬಿಟ್ಟು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿ, ಅಂಟು ಕರಗಿ ಕಾಗದ ತಾನಾಗಿ ಬಿಡುವವರೆಗೆ ಕಾದು, ಚಿಮಟದಿಂದ ಮೆಲ್ಲಗೆ ಎತ್ತಿ ಬಿಳಿ ಕಾಗದದ ಮೇಲೆ ಒಣಗಿಸಿ, ಆಮೇಲೆ ದಪ್ಪ ಪುಸ್ತಕದಡಿ ಇಡಿ. ಅಂಚಿನ ಒಂದು ಹಲ್ಲು ಹರಿದರೂ ಬೆಲೆ ಇಳಿಯುತ್ತದೆ. ಅಂಚೆ ಮುದ್ರೆ ಅಪರೂಪದ್ದಾಗಿದ್ದರೆ ಲಕೋಟೆಯನ್ನು ಇಡಿಯಾಗಿ ಉಳಿಸಿ.

ಇಂಟರ್ನೆಟ್ ಈ ಹವ್ಯಾಸವನ್ನು ಕೊಂದಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. 1854ರ ನಾಲ್ಕಾಣೆ ಸ್ಟಾಂಪುಗಳಲ್ಲಿ ಕೆಲವದರಲ್ಲಿ ವಿಕ್ಟೋರಿಯಾ ರಾಣಿಯ ತಲೆ ತಲೆಕೆಳಗಾಗಿ ಅಚ್ಚಾಗಿತ್ತು. ಅಂಥದ್ದನ್ನು ಈಗ ಮನೆಯಲ್ಲೇ ಕೂತು, ಗೆರೆ ಗೆರೆಯನ್ನೂ ದೊಡ್ಡದು ಮಾಡಿ ನೋಡಬಹುದು. ಆನ್‌ಲೈನಿನಲ್ಲಿ ಕೊಳ್ಳುವಾಗ ಮಾತ್ರ ಹುಷಾರು, ನಕಲಿಗಳು ಬೇಕಾದಷ್ಟಿವೆ. ಹಿಂಬದಿಯ ಫೋಟೋ ಕೇಳಿಯೇ ದುಡ್ಡು ಕೊಡಿ.

ಮನೆಯಲ್ಲಿ ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿದ್ದರೆ ಅಂಚೆ ಇಲಾಖೆಯ ಸ್ಪರ್ಶ್ ವಿದ್ಯಾರ್ಥಿವೇತನದ ಬಗ್ಗೆ ವಿಚಾರಿಸಿ. ಸ್ಟಾಂಪ್ ಸಂಗ್ರಹಿಸುವ ಮಕ್ಕಳಲ್ಲಿ ಆಯ್ಕೆಯಾದವರಿಗೆ ವರ್ಷಕ್ಕೆ 6,000 ರೂಪಾಯಿ ಕೊಡುತ್ತಾರೆ.