ಮೇಲಿನ ದವಡೆ

14 ನವೆಂಬರ್ 2024, ಗುರುವಾರ ರಾತ್ರಿ

ಅಮ್ಮನ ಹಲ್ಲು ಇವತ್ತು ಕೀಳಲಿಲ್ಲ. ಕೆನ್ನೆ ಊದಿಕೊಂಡೇ ಇದೆ.

ವಸಡಿಗೆ ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಚುಚ್ಚಿ ಸ್ವಲ್ಪ ಹೊತ್ತು ಕಾದರು. ಇಕ್ಕಳ ತಾಗಿದ್ದೇ ತಡ, ಅಮ್ಮ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಬಿಟ್ಟರು. ಇನ್ನಷ್ಟು ಹಾಕಿದರೂ ಅಷ್ಟೇ. ಡಾಕ್ಟರ್ ಕೀವು ತೆಗೆದು, ಮಾತ್ರೆ ಬರೆದು, ಸೋಮವಾರ ಬನ್ನಿ ಅಂದರು.

ಆಟೋದಲ್ಲಿ ಅಮ್ಮನದು ಒಂದೇ ಪ್ರಶ್ನೆ. "ಔಷಧಿ ಹಳೇದಾ?"

ಅಲ್ಲಮ್ಮ. ಔಷಧಿ ನರದ ಒಳಗೇ ಹೋಗಲಿಲ್ಲ.

ನರದ ಕೋಶದ ಪೊರೆ ಕೊಬ್ಬಿನದು. ಪ್ರೋಟಾನ್ ಅನ್ನುವ ಧನ ವಿದ್ಯುತ್ತಿನ ಪುಟ್ಟ ಕಣ ಅಂಟಿ ಚಾರ್ಜ್ ಆದ ಲಿಗ್ನೊಕೇನನ್ನು ಅದು ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ. ಚಾರ್ಜ್ ಇಲ್ಲದ್ದು ಮಾತ್ರ ನುಸುಳುತ್ತದೆ. ಆದರೆ ಒಳಗೆ ಹೋದ ಮೇಲೆ ಅದಕ್ಕೆ ಮತ್ತೆ ಪ್ರೋಟಾನ್ ಬೇಕು! ಚಾರ್ಜ್ ಆಗಿಯೇ ಅದು ಸೋಡಿಯಂ ಚಾನೆಲ್ಲಿಗೆ, ಅಂದರೆ ಪೊರೆಯಲ್ಲಿ ಸೋಡಿಯಂ ನುಗ್ಗುವ ಬಾಗಿಲಿಗೆ, ಒಳಗಡೆಯಿಂದ ಹೋಗಿ ಕೂರುತ್ತದೆ. ಸೋಡಿಯಂ ನುಗ್ಗದಿದ್ದರೆ ನೋವಿನ ಸುದ್ದಿ ಮುಂದೆ ಸಾಗುವುದಿಲ್ಲ. 1970ರಲ್ಲಿ ವಿಜ್ಞಾನಿ ನರಹಾಶಿ ಮತ್ತು ಜೊತೆಗಾರರು ಇದನ್ನು ಸ್ಕ್ವಿಡ್ ಅನ್ನುವ ಕಡಲ ಜೀವಿಯ ದಪ್ಪ ನರದಲ್ಲಿ ತೋರಿಸಿದರು. ಲಿಗ್ನೊಕೇನಿನಂಥದ್ದೇ, ಆದರೆ ಯಾವಾಗಲೂ ಚಾರ್ಜ್ ಇರುವ ಕ್ಯೂಎಕ್ಸ್-314 ಅನ್ನು ಹೊರಗೆ ಹಾಕಿದರೆ ಏನೂ ಆಗಲಿಲ್ಲ. ಒಳಗೆ ಬಿಟ್ಟರೆ ನರ ಸುಮ್ಮನಾಯಿತು. ಎಷ್ಟು ಚೆಂದದ ಪ್ರಯೋಗ ಅಲ್ವಾ? ಪಾಠ ಮಾಡುವಾಗಲೆಲ್ಲ ಮೈ ಜುಮ್ ಅನ್ನುತ್ತದೆ.

ಪಿಎಚ್ ಅಂದರೆ ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ. ಅದು 7.4 ಇದ್ದಾಗ ಲಿಗ್ನೊಕೇನಿನಲ್ಲಿ ನೂರಕ್ಕೆ ಸುಮಾರು 24 ಪಾಲು ಚಾರ್ಜ್ ಇಲ್ಲದೆ ಇರುತ್ತದೆ. ಕೀವು ತುಂಬಿದ ಜಾಗ ಹುಳಿ, ಅಂದರೆ ಅಲ್ಲಿ ಅಂಟಿಕೊಳ್ಳುವ ಪ್ರೋಟಾನ್ ಜಾಸ್ತಿ. ಪಿಎಚ್ 6.4ಕ್ಕೆ ಇಳಿದರೆ ಉಳಿಯುವುದು ಬರೀ 3. ಮಿಕ್ಕಿದ್ದೆಲ್ಲ ಪೊರೆಯ ಹೊರಗೇ. ಇದೊಂದೇ ಕಾರಣ ಅಲ್ಲ. ಅಲ್ಲಿ ರಕ್ತದ ಹರಿವೂ ಜಾಸ್ತಿ, ಔಷಧಿ ಬೇಗ ಕೊಚ್ಚಿಹೋಗುತ್ತದೆ. ನರಗಳೂ ಕೆರಳಿರುತ್ತವೆ.

ನನ್ನನ್ನು ಕಾಡುತ್ತಿರುವುದು ಬೇರೆ. ನರ ಹೆಚ್ಚು ಮಿಡಿದಷ್ಟೂ ಚಾನೆಲ್ ಹೆಚ್ಚು ಸಲ ತೆರೆಯುತ್ತದೆ, ಔಷಧಿ ಅಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ. ಅಂದರೆ ಇಷ್ಟು ನೋಯುವ ನರದಲ್ಲೇ ಅದು ಚೆನ್ನಾಗಿ ಕೆಲಸ ಮಾಡಬೇಕಿತ್ತು. ಒಳಗೆ ತಲುಪಿದ್ದರೆ. ನೋವಿದ್ದಲ್ಲೇ ಬಾಗಿಲು ಮುಚ್ಚಿರುವುದು ಅನ್ಯಾಯ ಅನ್ನಿಸುತ್ತದೆ.

ಅಮ್ಮ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಸೋಮವಾರವೂ ನೋಯುತ್ತಾ?" ಅಂದರು.

ಊತದಿಂದ ದೂರ, ನರ ಬರುವ ದಾರಿಯಲ್ಲೇ ಚುಚ್ಚುತ್ತಾರಂತೆ. ಅಲ್ಲಿ ಹುಳಿ ಇರುವುದಿಲ್ಲ. ಆದರೆ ಔಷಧಿಯಲ್ಲಿ ಬಿಪಿ ಏರಿಸಬಹುದಾದ ಅಡ್ರಿನಲಿನ್ ಬೇರೆ ಇರುತ್ತದೆ, ಅಮ್ಮನಿಗೆ ಬಿಪಿ. ಅದನ್ನು ಮೊದಲೇ ಕೇಳಬೇಕು. ಬೆಳಿಗ್ಗೆಯ ಬಿಪಿ ಮಾತ್ರೆ ತಿಂಡಿಗೆ ಮುಂಚೆಯೇ ಕೊಟ್ಟು ಹೊರಡುವುದಾ, ಇಲ್ಲಾ