ಜೀನ್ಸ್ ಹೊಲಿಗೆ ಮತ್ತು ಸೊಂಟನೋವು: ಫಿಜಿಯೊಥೆರಪಿಯ ಪ್ರಗತಿ ದಾಖಲೆ

ಬೇಸಿಗೆ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ದುಡಿಯುವವರಿಗೆ ಸೊಂಟನೋವು ಹೊಸದಲ್ಲ. ಒರಗಲು ಆಸರೆಯಿಲ್ಲದ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ ಕುಳಿತು, ಬಲಗಾಲಿನಲ್ಲಿ ಪೆಡಲ್ ಒತ್ತುತ್ತ, ದಪ್ಪ ಡೆನಿಮ್ಮನ್ನು ಎರಡೂ ಕೈಗಳಿಂದ ಸೂಜಿಯತ್ತ ತಳ್ಳುವ ಕೆಲಸ ಇದು. ನನ್ನ ನೋವು ಮೂರು ತಿಂಗಳು ದಾಟಿದ ಮೇಲೆ ವೈದ್ಯರು ಕಾಲು ಜೋಮು ಹಿಡಿಯುತ್ತದೆಯೇ, ಮೂತ್ರದ ಮೇಲೆ ಹಿಡಿತ ತಪ್ಪಿದೆಯೇ ಎಂದೆಲ್ಲ ವಿಚಾರಿಸಿ, ಅಂಥದ್ದೇನೂ ಇಲ್ಲವೆಂದು ಖಚಿತವಾದ ಬಳಿಕ ಎರಡು ದಾರಿ ಹೇಳಿದರು: ಟ್ರಮಡಾಲ್ ಗುಳಿಗೆ ಅಥವಾ ಫಿಜಿಯೊಥೆರಪಿ.

ಟ್ರಮಡಾಲ್ ಒಪಿಯಾಯ್ಡ್ ವರ್ಗದ, ಅಂದರೆ ಅಫೀಮಿನಂತೆ ಕೆಲಸ ಮಾಡುವ ನೋವುನಿವಾರಕಗಳ ಸಾಲಿನ ಔಷಧ. 2018ರಲ್ಲಿ ಅದನ್ನು ಮಾದಕವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ಅದು ತರುವ ಮಂಪರಿನಲ್ಲಿ, ನಿಮಿಷಕ್ಕೆ ಸಾವಿರಾರು ಸಲ ಇಳಿಯುವ ಸೂಜಿಯ ಮುಂದೆ ಬೆರಳಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಮಾರ್ಗಸೂಚಿಯಲ್ಲಿ ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮವನ್ನು ಶಿಫಾರಸು ಮಾಡಿ, ಒಪಿಯಾಯ್ಡ್ ಮಾತ್ರವಲ್ಲ, ನಮ್ಮಲ್ಲಿ ಎಲ್ಲರೂ ಕಟ್ಟಿಕೊಳ್ಳುವ ಸೊಂಟದ ಬೆಲ್ಟೂ ವಾಡಿಕೆಯ ಚಿಕಿತ್ಸೆಯಾಗಬಾರದೆಂದು ಹೇಳಿದೆ.

ಮಳೆಗಾಲ

ಫಿಜಿಯೊಥೆರಪಿಗೆ ಹೋಗಿ ಕಲಿತದ್ದು ಮುಖ್ಯವಾಗಿ ಎರಡು ವ್ಯಾಯಾಮ. ಮೊದಲನೆಯದು, ಜಮಖಾನೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟವನ್ನು ಮೇಲೆತ್ತಿ ಹಿಡಿಯುವುದು. ಎರಡನೆಯದು, ಅಂಬೆಗಾಲಿನಲ್ಲಿ ನಿಂತು ಎಡಗೈಯನ್ನೂ ಬಲಗಾಲನ್ನೂ ಒಟ್ಟಿಗೆ ಚಾಚುವುದು. ನೋಡಲು ಸುಲಭ, ಆದರೆ ಕಾಲು ಚಾಚಿದೊಡನೆ ಸೊಂಟ ಒಂದು ಪಕ್ಕಕ್ಕೆ ವಾಲುತ್ತದೆ. ಥೆರಪಿಸ್ಟ್ ನನ್ನ ಬೆನ್ನಿನ ಕೆಳಭಾಗದ ಮೇಲೆ ಅರ್ಧ ನೀರು ತುಂಬಿದ ಸ್ಟೀಲ್ ಲೋಟ ಇಟ್ಟು, ಅದು ಅಲುಗಾಡದಂತೆ ಕಾಲು ಚಾಚಲು ಹೇಳಿದರು. ಯಾವ ಸ್ನಾಯು ಬಿಗಿಯಬೇಕು ಎಂಬುದು ಆ ಲೋಟದಿಂದ ಅರ್ಥವಾದಷ್ಟು ಮಾತಿನಿಂದ ಆಗಿರಲಿಲ್ಲ.

ಪೀಸ್ ಲೆಕ್ಕದಲ್ಲಿ ದುಡಿಯುವವರಿಗೆ ಚಿಕಿತ್ಸೆಗೆ ಹೋದ ಹೊತ್ತೆಲ್ಲ ಕಳೆದುಕೊಂಡ ಕೂಲಿಯೇ. ಗುಳಿಗೆಯತ್ತ ಕೈ ಹೋಗುವುದು ಇದರಿಂದಲೇ ಎಂದು ನನ್ನ ನಂಬಿಕೆ. ಇದನ್ನು ತಿಳಿಸಿದಾಗ ಥೆರಪಿಸ್ಟ್ ಭೇಟಿಗಳನ್ನು ಕಡಿಮೆ ಮಾಡಿ, ಮನೆಯಲ್ಲೇ ಮಾಡುವ ಕ್ರಮವನ್ನು ಬರೆದುಕೊಟ್ಟರು.

ದಸರಾ ನಂತರ

ನೋಟ್‌ಬುಕ್ಕಿನಲ್ಲಿ ನೋವಿಗೆ ಅಂಕ ಕೊಡುವುದನ್ನು ಬಿಟ್ಟು, ಮಾಡಲಾದ ಕೆಲಸವನ್ನು ಬರೆಯತೊಡಗಿದೆ. ನೋವು ಹಳೆಯದಾದಂತೆ ನರಗಳೇ ಹೆಚ್ಚು ಸೂಕ್ಷ್ಮವಾಗಿಬಿಡುವುದರಿಂದ, ನೋಯುತ್ತಿದೆ ಎಂದ ಮಾತ್ರಕ್ಕೆ ಒಳಗೆ ಪೆಟ್ಟಾಗಿದೆ ಎಂದು ತಿಳಿಯಬೇಕಿಲ್ಲ. ವ್ಯಾಯಾಮದಿಂದ ಹೆಚ್ಚಾದ ನೋವು ಮರುದಿನ ಬೆಳಗಿನ ಹೊತ್ತಿಗೆ ಮೊದಲಿನಂತಾದರೆ ಅದೇ ಪ್ರಮಾಣ ಮುಂದುವರಿಸುವುದು, ಆಗದಿದ್ದರೆ ಸ್ವಲ್ಪ ಇಳಿಸುವುದು ನಾವು ಇಟ್ಟುಕೊಂಡ ನಿಯಮ. ಮಾಲೀಕರು ಮಷಿನ್ ಟೇಬಲ್ಲಿನ ಕಾಲುಗಳಿಗೆ ಮರದ ತುಂಡು ಕೊಟ್ಟು ಎತ್ತರಿಸಲು ಒಪ್ಪಿದರು. ಕುತ್ತಿಗೆ ಬಗ್ಗಿಸುವುದು ಆ ದಿನವೇ ಕಡಿಮೆಯಾಯಿತು. ಒಂದೊಂದು ಬಂಡಲ್ ಮುಗಿದಾಗಲೂ ಎದ್ದು ನಾಲ್ಕು ಹೆಜ್ಜೆ ನಡೆಯುತ್ತೇನೆ.

ಪಕ್ಕದ ಮಷಿನ್ನಿನ ಅಣ್ಣ ಬಹುಕಾಲದಿಂದ ಟ್ರಮಡಾಲ್ ತೆಗೆದುಕೊಳ್ಳುತ್ತಿದ್ದು, ನನ್ನನ್ನು ನೋಡಿ ಒಮ್ಮೆಲೇ ಬಿಡಲು ಹೊರಟಿದ್ದರು. ಹಾಗೆ ಬಿಟ್ಟರೆ ಬೆವರು, ನಡುಕ, ನಿದ್ರಾಹೀನತೆ ಕಾಡುತ್ತವೆ ಎಂದು ತಿಳಿಸಿ, ಅವರನ್ನು ವೈದ್ಯರ ಬಳಿಗೆ ಕರೆದೊಯ್ದೆ. ಈಗ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಿದ್ದಾರೆ.

ಸದ್ಯ

ಬಳ್ಳಾರಿ ಗುಡ್ಡದ ಕೋಟೆಯ ಮೆಟ್ಟಿಲುಗಳನ್ನು ನಡುವೆ ಕೂರದೆ ಹತ್ತುತ್ತೇನೆ; ಇಳಿಯುವಾಗ ಮಾತ್ರ ಸೊಂಟ ಹಿಡಿಯುತ್ತದೆ. ಟೇಬಲ್ ಎತ್ತರದಿಂದ ಅರ್ಧ ಬಂಡಲ್ ಎತ್ತಬಲ್ಲೆ, ನೆಲದಿಂದ ಇಡೀ ಬಂಡಲ್ ಇನ್ನೂ ಆಗಿಲ್ಲ. ಮುಂದಿನ ವಾರದಿಂದ ಐದು ಕಿಲೋ ಅಕ್ಕಿಚೀಲವನ್ನು ಗಿಡ್ಡ ಸ್ಟೂಲಿನ ಮೇಲಿಟ್ಟು, ಮೊಣಕಾಲು ಮಡಚಿ ಎತ್ತುವುದನ್ನು ಆರಂಭಿಸುತ್ತೇವೆ.