ಹನ್ನೆರಡು ಕುದುರೆಗಳ ಮುದುಕ

ಒಹಾಯೊದ ಈ ಚಳಿಗೆ ಗ್ಯಾರೇಜೇ ನನ್ನ ಬಿಡಾರ. ಹಳೆಯ ಕಬ್ ಕೆಡೆಟ್ ತೋಟದ ಟ್ರ್ಯಾಕ್ಟರಿನ ಕೋಲರ್ ಕೆ301 ಎಂಜಿನನ್ನು ಬಿಚ್ಚಿ ಹರಡಿಕೊಂಡಿದ್ದೇನೆ. ಒಂದೇ ಸಿಲಿಂಡರ್, 12 ಅಶ್ವಶಕ್ತಿ, ಬೀಡು ಕಬ್ಬಿಣದ ಮೈ. ತೂಕವೆಷ್ಟೆಂದು ನನ್ನ ಸೊಂಟವನ್ನೇ ಕೇಳಬೇಕು. ಸಿಲಿಂಡರಿನ ಮೇಲಂಚಿನಲ್ಲಿ ಬೆರಳಾಡಿಸಿದರೆ ಉಗುರು ತಡೆಯುತ್ತದೆ. ಒಳಗೆ ಏರಿಳಿಯುವ ಪಿಸ್ಟನ್ನಿನ ರಿಂಗುಗಳು ವರ್ಷಗಟ್ಟಲೆ ಉಜ್ಜಿ ಉಳಿಸಿದ ಮೆಟ್ಟಿಲು ಅದು. ಸಿಲಿಂಡರ್ ಕೊರೆಸಿ, ಇಂಚಿನ ಸಾವಿರದಲ್ಲಿ ಹತ್ತು ಪಾಲು ದಪ್ಪನೆಯ ಪಿಸ್ಟನ್ ಕೂರಿಸಬೇಕು. ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಅಲ್ಯೂಮಿನಿಯಂ ಕನೆಕ್ಟಿಂಗ್ ರಾಡ್ ಬೇರಿಂಗಿನ ಹಂಗಿಲ್ಲದೆ ನೇರ ಕ್ರ್ಯಾಂಕಿನ ಮೇಲೆಯೇ ಓಡುತ್ತದೆ. ಸವೆದರೆ ರಾಡೇ ಹೊಸದು.

ವಾಲ್ವ್ ತನ್ನ ಜಾಗದಲ್ಲಿ ಬಿಗಿಯಾಗಿ ಕೂರಲೆಂದು ಅರೆಯುತ್ತಾ ಕುಳಿತಾಗ ಅಜ್ಜಿಯ ಒರಳುಕಲ್ಲು ನೆನಪಾಯಿತು. ಅದೇ ಗರಗರ. ಅವಳಷ್ಟು ತಾಳ್ಮೆ ಮಾತ್ರ ನನಗಿಲ್ಲ. ‘ಹೊಸದನ್ನೇ ಕೊಳ್ಳಬಹುದಿತ್ತಲ್ಲ’ ಎಂದು ಹೆಂಡತಿ ಇಣುಕಿದಳು. ಉತ್ತರ ಹೊಳೆಯದೆ ವಾಲ್ವ್ ಎತ್ತಿ ನೋಡಿದೆ. ಬಿಗಿಯಾಗಿ ಕೂರುವುದರ ಗುರುತಾದ ಬೂದು ಉಂಗುರ ಇನ್ನೂ ಅರ್ಧವೇ ಮೂಡಿತ್ತು.